ಚೆನ್ನಿಯನ್ನು ಹೊಳೆಯಲ್ಲಿ ಬಿಟ್ಟ ಭಾನುವಾರ

ಕಳೆದ ವಾರ ದಟ್ಟಗಳ್ಳಿಯ ಮೈದಾನದ ಪಕ್ಕ ಸೊಪ್ಪು ಕೊಳ್ಳುತ್ತಾ ನಿಂತಿದ್ದೆ. ಯಾವುದೋ ಬೇರೆ ಸಮಾರಂಭಕ್ಕೆಂದು ಲಾರಿಯಿಂದ ಶಾಮಿಯಾನದ ಬಟ್ಟೆ ಇಳಿಸುತ್ತಿದ್ದರು. ಮಳೆಯಲ್ಲಿ ನೆನೆದು, ಸರಿಯಾಗಿ ಒಣಗಿಸದೆ ಮಡಚಿಟ್ಟ ಬಟ್ಟೆಗೆ ಒಂದು ಮುಗ್ಗಲು ವಾಸನೆ ಇರುತ್ತದಲ್ಲ, ಅದು ಮೂಗಿಗೆ ಬಡಿಯಿತು. ಅಷ್ಟರಲ್ಲಿ ಯಾರೋ ಮೈಕಿನಲ್ಲಿ "ಹಲೋ, ಹಲೋ, ಚೆಕ್" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸೊಪ್ಪಿನವಳು ಕಟ್ಟು ಹಿಡಿದು ಕೈ ಚಾಚಿದ್ದರೆ ನಾನು ಮೈದಾನದ ಕಡೆ ನೋಡಿ ಹಲ್ಲು ಕಡಿಯುತ್ತಿದ್ದೆ. "ಯಾಕ್ರಮ್ಮ, ಸೊಪ್ಪು ಚೆನ್ನಾಗಿಲ್ವಾ?" ಎಂದು ಅವಳು ಗಾಬರಿಯಾದಳು. ಪಾಪ, ಸೊಪ್ಪು ಚೆನ್ನಾಗಿಯೇ ಇತ್ತು. ನನಗೆ ನೆನಪಾಗಿದ್ದು ಹೋದ ವರ್ಷದ ಕಾರ್ತಿಕ, ಅದೇ ಮೈದಾನ, ಅದೇ ಬಟ್ಟೆ.

ದಸರೆ ಮುಗಿದು ಹೊರ ಊರಿನವರೆಲ್ಲ ಬಸ್ಸು ಹತ್ತಿ ಹೋದ ಮೇಲೆ ನಮ್ಮ ಕಡೆಯ ಬಡಾವಣೆಗಳವರು ಸೇರಿ ಒಂದು ಶನಿವಾರ ಭಾನುವಾರ ಕಲಾ ಹಬ್ಬ ಮಾಡುತ್ತಾರೆ. ರಾಮಕೃಷ್ಣನಗರದಲ್ಲಿರುವ ನಮ್ಮ ಮನೆಗೆ ಮೈಕಿನ ಸದ್ದು ನೇರವಾಗಿ ಕೇಳಿಸುತ್ತದೆ. ಹೋದ ವರ್ಷ ಹಬ್ಬದ ಸಮಿತಿಯ ಕಾರ್ಯದರ್ಶಿ ಶಿವಣ್ಣನವರು ನಮ್ಮ ಮನೆಗೇ ಬಂದು, "ಮೇಡಂ, ನಿಮ್ಮ ಚಿಕ್ಕಮ್ಮ ಹರಿಕಥೆ ಮಾಡ್ತಾರಂತಲ್ಲ, ಈ ಸಲ ಅವ್ರದ್ದೊಂದು ಇಟ್ಕೊಳಣ. ನಮ್ ಸಂಸ್ಕೃತಿ ಉಳೀಬೇಕು ನೋಡಿ" ಎಂದಿದ್ದರು. ನಾನು ಕಾಫಿ ಕೊಟ್ಟೆ, ಜೊತೆಗೆ ಕೋಡುಬಳೆಯನ್ನೂ ಕೊಟ್ಟೆ. ಆ ಕೋಡುಬಳೆಯ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸುಶೀಲ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಚಾಮರಾಜಪುರದಲ್ಲಿ ಒಂದು ಹಳೆಯ ವಠಾರದ ಮನೆ, ಒಬ್ಬರೇ ಇದ್ದಾರೆ, ಯಾರ ಹಂಗೂ ಬೇಕಿಲ್ಲ. ಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದವರು. ನಮ್ಮ ತಾತ ಹರಿಕಥೆ ದಾಸರು. ಗಂಡುಮಕ್ಕಳಿಗೆ ಕಲಿಸಲು ಹೋದರೆ ಒಬ್ಬರೂ ಕೂರಲಿಲ್ಲ. ಮೂಲೆಯಲ್ಲಿ ಕೂತು ಕೇಳಿಸಿಕೊಂಡೇ ಕಲಿತವರು ಚಿಕ್ಕಮ್ಮ. ಹೆಂಗಸು ಗೆಜ್ಜೆ ಕಟ್ಟಿ ಸಭೆಯಲ್ಲಿ ನಿಲ್ಲುವುದೇ ಎಂದು ನೆಂಟರು ಮೂಗು ಮುರಿದಾಗ ತಾತ ತಮ್ಮ ಗೆಜ್ಜೆಯನ್ನೇ ಬಿಚ್ಚಿ ಅವರ ಕಾಲಿಗೆ ಕಟ್ಟಿದರಂತೆ. ಆ ಮೇಲೆ ರಾಮನವಮಿಯ ಪೆಂಡಾಲುಗಳಲ್ಲಿ, ಭಜನೆ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಥೆ ಮಾಡಿದರು. ಬರಬರುತ್ತಾ ಕರೆಯುವವರು ಕಡಿಮೆಯಾದರು. ಮೊಣಕಾಲು ನೋವೂ ಶುರುವಾಯಿತು. ಶಿವಣ್ಣನವರ ಕರೆ ಬಂದಾಗ ಚಿಕ್ಕಮ್ಮ ವೇದಿಕೆ ಹತ್ತಿ ಎಷ್ಟೋ ವರ್ಷಗಳಾಗಿದ್ದವು.

"ಇದೊಂದು ಮಾಡ್ಬಿಡ್ತೀನಿ ಕಣೇ ಉಷಾ. ಇನ್ನು ಈ ಕಾಲು ನಂಬೋ ಹಾಗಿಲ್ಲ. ಅಪ್ಪ ಕಟ್ಟಿದ ಕಥೇನೇ ಮಾಡ್ತೀನಿ" ಎಂದರು.

ಅದು ಹೂವಾಡಗಿತ್ತಿ ಚೆನ್ನಿಯ ಕಥೆ. ಯಾವ ಪುರಾಣದಲ್ಲೂ ಇಲ್ಲ, ತಾತನೇ ಕಟ್ಟಿದ್ದು. ಚೆನ್ನಿ ದಿನಾ ಸಂಜೆ ಹೊಳೆ ದಾಟಿ ಆಚೆ ದಡದ ಗುಡಿಗೆ ಹೂವಿನ ಬುಟ್ಟಿ ಒಯ್ಯುವವಳು. ಒಂದು ದಿನವೂ ತಪ್ಪಿಸಿದವಳಲ್ಲ. ಒಂದು ಸಂಜೆ ಹೊಳೆ ಉಕ್ಕಿ ಬರುತ್ತದೆ, ದೋಣಿಯವನು ಬರುವುದಿಲ್ಲ, ಇವಳು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿಯುತ್ತಾಳೆ. ಚಿಕ್ಕವಳಿದ್ದಾಗ ತಾತನ ಬಾಯಲ್ಲಿ ಕೇಳಿದ್ದೇನೆ. ಆದರೆ ಅವಳು ನೀರಿಗಿಳಿಯುವ ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು. ಕಡೆಗೆ ಏನಾಯಿತು ಎಂಬುದು ನನಗೂ ಗೊತ್ತಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯಿತು ಅನ್ನುವಾಗ ಮತ್ತೆ ಶುರುವಾಗಿತ್ತು. ನಾನು ಆಫೀಸಿನಿಂದ ಬರುವಾಗ ಆಗಾಗ ಚಾಮರಾಜಪುರಕ್ಕೆ ಹೋಗುತ್ತಿದ್ದೆ. ಹೆಂಚಿನ ಮೇಲೆ ಮಳೆ, ಒಳಗೆ ಚಿಕ್ಕಮ್ಮನ ಕೈಯ ಚಿಟಿಕೆ ತಾಳದ ಸದ್ದು. ತಬಲದ ಕೃಷ್ಣಪ್ಪನವರು ಛತ್ರಿ ಬಾಗಿಲಲ್ಲಿ ಒರಗಿಸಿ, ಚಾಪೆಯ ಮೇಲೆ ಕೂತು ನುಡಿಸುತ್ತಿದ್ದರು. ಚಿಕ್ಕಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತು ಹೆಜ್ಜೆ ಹಾಕುವುದು, ನೋವು ಬಂದರೆ ಕೂರುವುದು, ಎಣ್ಣೆ ತಿಕ್ಕಿಕೊಳ್ಳುವುದು, ಮತ್ತೆ ಏಳುವುದು. "ಹೊಳೆ ದಾಟೋ ಭಾಗಕ್ಕೆ ಕಾಲು ಬೇಕು ಕಣೇ. ಬರೀ ಬಾಯಲ್ಲಿ ದಾಟ್ಸೋಕಾಗಲ್ಲ" ಎನ್ನುತ್ತಿದ್ದರು. ಕಡೆಯ ಭಾಗವನ್ನು ಮಾತ್ರ ನನ್ನೆದುರಿಗೆ ಅಭ್ಯಾಸ ಮಾಡುತ್ತಿರಲಿಲ್ಲ. ಸಭೆಯಲ್ಲೇ ಕೇಳು ಎಂದು ಕೆಣಕುತ್ತಿದ್ದರು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ನಮ್ಮ ತಾತನ ಮನೆಯ ಪದ್ಧತಿಯಲ್ಲಿ ಕಥೆ ಶುರುವಾದ ಮೇಲೆ ಮಂಗಳ ಹಾಡಿ ಆರತಿ ಎತ್ತುವವರೆಗೆ ದಾಸರು ಗೆಜ್ಜೆಯ ಗಂಟು ಬಿಚ್ಚುವ ಹಾಗಿಲ್ಲ. ಕೇಳಲು ಕೂತವರೂ ಮಂಗಳಾರತಿ ತೆಗೆದುಕೊಳ್ಳದೆ ಏಳುವ ಹಾಗಿಲ್ಲ. ಒಮ್ಮೆ ಜೋರು ಮಳೆ ಬಂದು ಚಪ್ಪರ ಕುಸಿದಾಗಲೂ ತಾತ ಪಕ್ಕದ ಜಗುಲಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಕಥೆ ಮುಗಿಸಿದ್ದರಂತೆ.

ಶನಿವಾರ ಮೈದಾನಕ್ಕೆ ನಾವೆಲ್ಲ ಹೋದೆವು. ನಾನು, ನಮ್ಮ ಯಜಮಾನರು, ಕಾಲೇಜಿಗೆ ಹೋಗುವ ಮಗಳು ನಿಧಿ, ಜೊತೆಗೆ ಚಿಕ್ಕಮ್ಮ. ಬೀಟೆ ಮರದ ಮೇಲೆ ಕೆತ್ತಿ ಕೂಡಿಸಿದ ಆನೆಗಳು, ಚಿತ್ರ ಬರೆದ ಗಂಜೀಫಾ ಆಟದ ಎಲೆಗಳು, ಒಂದು ಕಡೆ ಮಕ್ಕಳ ಚಿತ್ರ ಸ್ಪರ್ಧೆ, ಎಲ್ಲ ಕಡೆ ಚುರುಮುರಿ. ಚಿಕ್ಕಮ್ಮ ಪ್ರತಿ ಮಳಿಗೆಯ ಮುಂದೂ ನಿಂತು ಮಾತಾಡಿಸಿದರು. ನಿಧಿಗೆ ಅದೇನೂ ಕಾಣುತ್ತಿರಲಿಲ್ಲ. ಧಾರಾವಾಹಿಯ ನಟಿಯೊಬ್ಬಳು ಬಂದಿದ್ದಾಳಂತೆ ಎಂದು ಸುದ್ದಿ ಹಬ್ಬಿ, ಅವಳು ಮಸಾಲೆ ಪುರಿ ಅಂಗಡಿಯ ಹಿಂದೆ ಕಂಡಳು, ಇಲ್ಲ ಕಾರಿನಲ್ಲಿ ಕಂಡಳು ಎಂದು ಓಡಾಟ. ನಮ್ಮ ಯಜಮಾನರು "ಏನು ಹುಚ್ಚೋ ಈ ಹುಡುಗರಿಗೆ" ಎಂದು ತಲೆಯಾಡಿಸಿ, "ಆದ್ರೂ ನೋಡ್ಕೊಂಡು ಬರ್ತೀನಿ, ಮಗು ಒಂದೇ ಹೋಗಿದೆ" ಎಂದು ಹಿಂದೆಯೇ ಹೋದರು. ಮಗುವಿಗೆ ಹತ್ತೊಂಬತ್ತು ವರ್ಷ. ಇಬ್ಬರೂ ಬೆವರು ಸುರಿಸಿಕೊಂಡು ಬಂದು, ಆ ನಟಿ ಟಿವಿಯಲ್ಲಿ ಕಾಣುವಷ್ಟು ಎತ್ತರವಿಲ್ಲ ಎಂದು ವರದಿ ಒಪ್ಪಿಸಿದರು. ಚಿಕ್ಕಮ್ಮ ನಕ್ಕುಬಿಟ್ಟರು. ಅವತ್ತು ನಾನೂ ನಕ್ಕೆ.

ಭಾನುವಾರ ಸಂಜೆ ಚಿಕ್ಕಮ್ಮನ ಕಥೆ. ಅದಾದ ಮೇಲೆ, ರಾತ್ರಿ ಊಟದ ಹೊತ್ತಿಗೆ, ಒಬ್ಬ ಸಿನಿಮಾ ನಟ ಬರುವುದಿತ್ತು. ಹೆಸರು ಬೇಡ. ಆತನಿಗೆ ಇದರಲ್ಲಿ ಏನೂ ಗೊತ್ತಿರಲಿಕ್ಕಿಲ್ಲ. ಚಿಕ್ಕಮ್ಮ ಮೆಣಸು ಹಾಕಿದ ಒಂದು ಲೋಟ ಹಾಲು ಬಿಟ್ಟು ಬೆಳಗಿನಿಂದ ಏನೂ ತೆಗೆದುಕೊಂಡಿರಲಿಲ್ಲ. ಬಾಟಲಿ ಹಸಿರಿನ ರೇಷ್ಮೆ ಸೀರೆ, ಸೊಂಟಕ್ಕೆ ಸುತ್ತಿದ ಶಲ್ಯ, ಕಾಲಿಗೆ ತಾತನ ಗೆಜ್ಜೆ. ಬೆಳಿಗ್ಗೆ ಸುರಿದ ಮಳೆಗೆ ಜಮಖಾನ ಇನ್ನೂ ಒದ್ದೆಯಾಗಿತ್ತು. ಆದರೂ ಜನ ತುಂಬಿದ್ದರು. ನಟನಿಗೆ ಮುಂದಿನ ಸಾಲು ಹಿಡಿಯಲು ಬಂದವರೇ ಹೆಚ್ಚು ಎಂದು ನನಗೂ ಗೊತ್ತಿತ್ತು. ಆದರೆ ಚಿಕ್ಕಮ್ಮ ಪೀಠಿಕೆ ಮುಗಿಸಿ ಚೆನ್ನಿಯನ್ನು ಮನೆಯಿಂದ ಹೊರಡಿಸಿದ ಮೇಲೆ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಮುಂದಿನ ಸಾಲಿನ ಹೆಂಗಸೊಬ್ಬಳು ಚುರುಮುರಿಯ ಪೊಟ್ಟಣ ಹಿಡಿದ ಕೈಯನ್ನು ಬಾಯಿಗೆ ಒಯ್ಯದೆ ಹಾಗೇ ಕೂತಿದ್ದಳು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಕಣ್ಣು ತುಂಬಿ ಬಂತು.

ಚೆನ್ನಿ ನೀರಿಗಿಳಿದಳು. ಮೊಣಕಾಲು, ಸೊಂಟ, ಎದೆ. ಚಿಕ್ಕಮ್ಮ ಎರಡೂ ಕೈಯಲ್ಲಿ ಕಾಣದ ಬುಟ್ಟಿಯನ್ನು ತಲೆಯ ಮೇಲೆ ಹಿಡಿದಿದ್ದಾರೆ. ಬಲಗಾಲಿಗೆ ತಳದಲ್ಲಿ ಒಂದು ಕಲ್ಲು ಸಿಕ್ಕಿದೆ. ಎಡಗಾಲು ಇನ್ನೊಂದು ಕಲ್ಲನ್ನು ಹುಡುಕುತ್ತಿದೆ. ಆ ಕೆಟ್ಟ ಮೊಣಕಾಲಿನ ಮೇಲೆ ನಿಂತು ಎಡಗಾಲನ್ನು ಎತ್ತಿ, ಗೆಜ್ಜೆಯನ್ನು ಸಣ್ಣಗೆ ನಡುಗಿಸುತ್ತಾ ಚಿಕ್ಕಮ್ಮ ಕೇಳಿದರು, "ಮುಂದಿನ ಕಲ್ಲು ಎಲ್ಲಿದೆಯಪ್ಪಾ?"

ಆಗ ಮೈದಾನದ ಗೇಟಿನ ಕಡೆಯಿಂದ ಹೋ ಎಂದು ಕೂಗು ಎದ್ದಿತು. ನಟನಿಗೆ ಇನ್ನೊಂದು ಕಡೆ ಕಾರ್ಯಕ್ರಮವಿತ್ತಂತೆ, ಮೊದಲೇ ಬಂದುಬಿಟ್ಟಿದ್ದ. ಕೂತಿದ್ದವರೆಲ್ಲ ಒಟ್ಟಿಗೆ ಎದ್ದರು. ಕುರ್ಚಿಗಳು ಬಿದ್ದವು. ಚುರುಮುರಿಯ ಹೆಂಗಸು ಪೊಟ್ಟಣ ಎಸೆದು ಓಡಿದಳು. ನನ್ನ ಪಕ್ಕದಿಂದ ನಿಧಿ ಎದ್ದಳು. ಅವಳ ಹಿಂದೆ, ಮಗು ಒಂದೇ ಹೋಗಿದೆ ಎಂದುಕೊಂಡು, ನಮ್ಮ ಯಜಮಾನರೂ ಎದ್ದರು.

ಚಿಕ್ಕಮ್ಮ ಕಾಲು ಇಳಿಸಲಿಲ್ಲ. ಗದ್ದಲ ಒಂದು ಗಳಿಗೆಯದು, ಜನ ಮತ್ತೆ ಕೂರುತ್ತಾರೆ ಎಂದುಕೊಂಡಿರಬೇಕು. ಕೃಷ್ಣಪ್ಪನವರೂ ತಬಲ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಶಿವಣ್ಣನವರು ವೇದಿಕೆಯ ಮೆಟ್ಟಿಲು ಹತ್ತಿ ಓಡಿಬಂದರು. ಕೈಯಲ್ಲಿ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ನಮ್ಮ ಊರಿನಲ್ಲಿ ಯಾರನ್ನಾದರೂ ಎಬ್ಬಿಸಿ ಕಳಿಸಬೇಕಾದರೆ ಕುತ್ತಿಗೆ ಹಿಡಿಯುವುದಿಲ್ಲ, ಸನ್ಮಾನ ಮಾಡುತ್ತೇವೆ. ಅಷ್ಟು ಮರ್ಯಾದಸ್ಥರು ನಾವು. ಚೆನ್ನಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾಗಲೇ ಅವಳ ಹೆಗಲಿಗೆ ಶಾಲು ಬಿತ್ತು, ತಲೆಗೆ ಮೈಸೂರು ಪೇಟ ಬಿತ್ತು.

"ಬಾಳಾ ಚೆನ್ನಾಗಿತ್ತು ಕಣಮ್ಮಾ, ಮುಗಿಸ್ಬುಡಿ. ಅವ್ರು ಕಾಯಾಂಗಿಲ್ಲ" ಎಂದರು ಶಿವಣ್ಣ.

"ಕಥೆ ಮುಗಿದಿಲ್ಲ ಶಿವಣ್ಣ. ಮಂಗಳ ಹಾಡದೆ ಇಳಿಯೋ ಹಾಗಿಲ್ಲ."

"ಮಂಗಳ ತಾನೇ ಆಗ್ಬೇಕು? ಅದ್ಕೇನಂತೆ, ನಾವೇ ಹಾಕುಸ್ತೀವಿ ಬುಡಿ" ಎಂದು ಅವರು ಸೌಂಡಿನವನಿಗೆ ಕೈ ಬೀಸಿದರು.

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಸೌಂಡಿನವನು ತನ್ನ ಮೊಬೈಲಿನಲ್ಲಿ ಹುಡುಕಿ, ಯಾವುದೋ ಭಜನೆ ಮಂಡಳಿಯವರ ಮಂಗಳವನ್ನು ಸ್ಪೀಕರಿಗೆ ಹಾಕಿದ. ಮೊದಲು ಅಡುಗೆ ಎಣ್ಣೆಯ ಜಾಹೀರಾತು ಬಂತು. ಆ ಮೇಲೆ ಮಂಗಳ ಬಂತು. ಚಿಕ್ಕಮ್ಮ ಆಗ ಎಡಗಾಲನ್ನು ಕೆಳಗಿಟ್ಟರು. ತಾತನ ಗೆಜ್ಜೆ ಕಟ್ಟಿ ಕಥೆ ಮಾಡಿದ ಹೆಂಗಸು, ತಲೆಯ ಮೇಲೆ ಒಂದು ಬದಿಗೆ ವಾಲಿದ ಪೇಟ, ಸ್ಪೀಕರಿನಲ್ಲಿ ಯಾರದೋ ದನಿ. ನಾನು ಸೀರೆ ಎತ್ತಿಕಟ್ಟಿ ಸೌಂಡಿನವನ ಟೇಬಲಿಗೆ ನುಗ್ಗಿ ಮೊಬೈಲಿನ ವೈರನ್ನು ಕಿತ್ತುಹಾಕಿದೆ. ಸ್ಪೀಕರು ಕೀ ಎಂದು ಕಿರುಚಿತು. ಜನ ಅದನ್ನು ನಟ ವೇದಿಕೆಗೆ ಬಂದ ಸೂಚನೆ ಎಂದುಕೊಂಡು ಶಿಳ್ಳೆ ಹೊಡೆದರು. "ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದು ಶಿವಣ್ಣನವರನ್ನು ನಾನು ಕೂಗಿ ಕೇಳಿದ್ದು ಆ ಶಿಳ್ಳೆಯಲ್ಲಿ ನನಗೇ ಕೇಳಿಸಲಿಲ್ಲ.

ನಟ ಬಂದ. ಒಳ್ಳೆಯ ಹುಡುಗನೇ. ವೇದಿಕೆಯ ಮೇಲೆ ಹಿರಿಯರೊಬ್ಬರು ಕಂಡರು ಎಂದು ಬಗ್ಗಿ ಚಿಕ್ಕಮ್ಮನ ಕಾಲು ಮುಟ್ಟಿದ. ಅವರು ತಲೆಯ ಮೇಲೆ ಕೈಯಿಟ್ಟು "ಒಳ್ಳೇದಾಗ್ಲಪ್ಪ" ಎಂದರು. ಅದರ ಫೋಟೋ ನೂರು ಮೊಬೈಲುಗಳಲ್ಲಿ ಬಂತು. ಆತ ಮೈಕ್ ಹಿಡಿದು, "ಇಂಥ ಕಲೆಗಳನ್ನ ನಾವು ಉಳಿಸ್ಬೇಕು, ಬೆಳೆಸ್ಬೇಕು" ಎಂದ. ಎಂಥ ಚಪ್ಪಾಳೆ! ಕಲೆ ಉಳಿಸಲು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಿಗಾದರೂ ಅದನ್ನು ಈಗಷ್ಟೇ ಮೆಟ್ಟಿಲಿಳಿಸಿ ಕಳಿಸಿದ್ದೇವೆ ಎಂದು ಹೊಳೆಯಿತೇ? ಚಿಕ್ಕಮ್ಮ ಆಗ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಕೃಷ್ಣಪ್ಪನವರ ಭುಜ ಹಿಡಿದು ಕೆಳಗಿಳಿಯುತ್ತಿದ್ದರು.

ಆಟೋದಲ್ಲಿ ಚಾಮರಾಜಪುರಕ್ಕೆ ಹೋದೆವು. ಪ್ರತಿ ಉಬ್ಬಿಗೂ ಗೆಜ್ಜೆ ಸದ್ದು ಮಾಡುತ್ತಿತ್ತು. ಆಟೋದವನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ಮನೆಗೆ ಬಂದ ಮೇಲೆ ನಾನು, "ಚಿಕ್ಕಮ್ಮ, ಇಲ್ಲೇ ಮುಗಿಸಿ. ನಾನಿದೀನಿ, ಕೃಷ್ಣಪ್ಪನೋರು ಇದಾರೆ. ದೇವರ ಮುಂದೆ ಹೇಳಿ, ಮಂಗಳ ಹಾಡಿ, ಗೆಜ್ಜೆ ಬಿಚ್ಚಿ" ಎಂದು ಬೇಡಿಕೊಂಡೆ.

"ಸಭೆಯಲ್ಲಿ ನೀರಿಗಿಳಿಸಿದೋಳ್ನ ಅಡುಗೆಮನೇಲಿ ದಡ ಹತ್ತಿಸ್ಲಾ?" ಎಂದರು. ಅವರು ಅಳುವುದನ್ನು ನಾನು ಅಮ್ಮ ಹೋದ ದಿನ ಬಿಟ್ಟರೆ ನೋಡಿರಲಿಲ್ಲ. ಅವತ್ತು ನೋಡಿದೆ. ಆ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಾಲಿಗೆ ಎಣ್ಣೆ ಸವರಿದರು. ಗಂಟು ಬಿಚ್ಚದೆ, ಹಿಮ್ಮಡಿಯ ಮೇಲೆ ಎಳೆದು ಎಳೆದು ಗೆಜ್ಜೆಯನ್ನು ಜಾರಿಸಿದರು. ಚರ್ಮ ತರಚಿಹೋಯಿತು. ಕಟ್ಟಿದ ಹಾಗೇ ಇದ್ದ ಗೆಜ್ಜೆಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿ, "ಮಂಗಳ ಆದಾಗ ಬಿಚ್ತೀನಿ" ಎಂದರು.

ನಮ್ಮ ಮನೆಯಲ್ಲಿ ಆ ವಾರ ನಡೆದದ್ದನ್ನು ಬರೆಯುವುದಿಲ್ಲ. ನಿಧಿ ನಟನ ಜೊತೆ ತೆಗೆದುಕೊಂಡ ಸೆಲ್ಫಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಅದರಲ್ಲಿ ನಟನ ಕಿವಿಯ ಪಕ್ಕ, ಹಿಂದೆ, ಪೇಟ ವಾಲಿದ ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತಿರುವುದು ಕಾಣುತ್ತದೆ. ಸೋದರತ್ತೆಯಿಂದ ಹಿಡಿದು ಎಲ್ಲರೂ ಹೃದಯದ ಚಿಹ್ನೆ ಒತ್ತಿದ್ದರು. ನಾನು ಗುಂಪಿನಿಂದ ಹೊರಗೆ ಬಂದೆ. "ಅಷ್ಟಕ್ಕೆಲ್ಲ ಯಾಕೆ ರಂಪ ಮಾಡ್ತೀಯ, ಮುಂದಿನ ವರ್ಷ ಮಾಡ್ತಾರೆ ಬಿಡು" ಎಂದರು ಯಜಮಾನರು. ಆ ಮೊಣಕಾಲಿಗೆ ಮುಂದಿನ ವರ್ಷ ಎನ್ನುವುದು ಎಷ್ಟು ದೂರ ಎಂದು ಅವರಿಗೇನು ಗೊತ್ತು. ಬಹಳ ದಿನ ಅವರ ಸಾರಿಗೆ ಉಪ್ಪು ಸರಿಯಾಗಿ ಬೀಳಲಿಲ್ಲ. ಅದು ಬೇಕೆಂದೇ ಮಾಡಿದ್ದು.

ಈ ಒಂದು ವರ್ಷ ನಾನು ಚಿಕ್ಕಮ್ಮನ ಮನೆಗೆ ಹೋದಾಗಲೆಲ್ಲ ಮೊದಲು ಮೊಳೆಯ ಕಡೆ ನೋಡುತ್ತಿದ್ದೆ. ಗೆಜ್ಜೆ ಹಾಗೇ ಇರುತ್ತಿತ್ತು. ಚಿಕ್ಕಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಮಳೆ ಜೋರಾದ ದಿನಗಳಲ್ಲಿ ಕಿಟಕಿಯ ಹತ್ತಿರ ಕೂತು, "ಅವಳು ಇನ್ನೂ ನೀರಲ್ಲೇ ಇದಾಳೆ ಕಣೇ ಉಷಾ" ಎನ್ನುತ್ತಾರೆ. ನಾನು ಕಡೆಗೇನಾಯಿತು ಹೇಳಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ಮೊನ್ನೆ ನಾನು ಅಲ್ಲೇ ಇದ್ದಾಗ ಗೇಟಿನ ಚಿಲಕದ ಸದ್ದಾಯಿತು. ಶಿವಣ್ಣ. ಕೈಯಲ್ಲಿ ಆಮಂತ್ರಣ ಪತ್ರಿಕೆಯ ಕರಡು, ಮುಖದಲ್ಲಿ ಏನೂ ಆಗಿಲ್ಲವೆಂಬ ನಗು. ಹೋದ ವರ್ಷ ನಟ ಕಾಲು ಮುಟ್ಟಿದ ಫೋಟೋ ಎಲ್ಲ ಕಡೆ ಓಡಾಡಿ ಹಬ್ಬಕ್ಕೆ ಒಳ್ಳೆಯ ಹೆಸರು ಬಂತಂತೆ. "ಅದ್ಕೇ ಈ ಸಲಾನೂ ನೀವು ಬರ್ಲೇಬೇಕು ಕಣಮ್ಮಾ. ಒಂದತ್ತು ನಿಮಿಷ, ಏನಾದ್ರೂ ಚಿಕ್ಕದು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಕೈಯೆತ್ತಿ ನನ್ನನ್ನು ತಡೆದರು.

"ಬರ್ತೀನಿ ಶಿವಣ್ಣ. ಆದ್ರೆ ಹೊಸ ಕಥೆ ಇಲ್ಲ. ಹೋದ ವರ್ಷ ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದ ಶುರು. ಮಂಗಳ ಆಗೋವರೆಗೂ ಶಾಲು ಹಿಡ್ಕೊಂಡು ಯಾರೂ ಹತ್ರ ಬರಬಾರ್ದು."

"ಆಗ್ಲಿ ಬುಡಿ, ಅದ್ಕೇನಂತೆ. ಆದ್ರೆ ಜನಕ್ಕೆ ಮೊದ್ಲಿನ ಕಥೆ ನೆನಪಿರಾಕಿಲ್ವಲ್ಲ?"

"ಅದನ್ನ ನೀವು ಹೇಳ್ತೀರಿ. ನಿಲ್ಲಿಸಿದೋರು ನೀವಲ್ವಾ? ಮೈಕ್ ಹಿಡ್ಕೊಂಡು, ಚೆನ್ನಿನ ಎಲ್ಲಿ ಬಿಟ್ಟಿದ್ವಿ, ಹೆಂಗೆ ನಿಂತಿದ್ಲು, ಅಷ್ಟು ಹೇಳಿ ಸಾಕು. ನಾನು ಅಲ್ಲಿಂದ ಹೆಜ್ಜೆ ಇಡ್ತೀನಿ."

ಶಿವಣ್ಣ ನಕ್ಕರು. ಚಿಕ್ಕಮ್ಮ ನಗಲಿಲ್ಲ. "ಎಲ್ಲಿದ್ಲು ಹೇಳಿ ನೋಡೋಣ?" ಎಂದರು, ಹೊಲಿಗೆ ಟೀಚರಾಗಿದ್ದಾಗಿನ ದನಿಯಲ್ಲಿ.

ಶಿವಣ್ಣ ಹೆಂಚು ನೋಡಿದರು, ನೆಲ ನೋಡಿದರು. "ಗುಡೀಲಿ... ಅಲ್ವಾ?" ಎಂದರು. ಚಿಕ್ಕಮ್ಮ ತಟ್ಟೆಯಲ್ಲಿ ಬಾಳೆಹಣ್ಣು ಎಲೆಯಡಿಕೆ ಇಟ್ಟು ಅವರ ಮುಂದೆ ಹಿಡಿದರು. "ತಿಳ್ಕೊಂಡು ಬನ್ನಿ. ಆಮೇಲೆ ಹೆಸರು ಹಾಕಿಸಿ."

ಗೇಟಿನವರೆಗೆ ನಾನು ಹಿಂದೆ ಹೋದೆ. ಅವರು ಚಪ್ಪಲಿ ಮೆಟ್ಟುತ್ತಾ ಗುಟ್ಟಿನ ದನಿಯಲ್ಲಿ, "ಮೇಡಂ, ನೀವಾದ್ರೂ ಯೋಳಿ. ಎಲ್ಲಿದ್ಲು ಆಯಮ್ಮ?" ಎಂದರು.

"ಅವತ್ತು ಅಷ್ಟು ಜನ ಇದ್ರಲ್ಲ, ಕೇಳಿ."

"ಕೇಳ್ದೆ ಇರ್ತೀನಾ? ಯಾರ್ಗೂ ಗೊತ್ತಿರಾಕಿಲ್ಲ ಬುಡಿ ಮೇಡಂ. ಆ ಆಕ್ಟರ್ ಆಕಿದ್ದ ಶರ್ಟ್ ಬಣ್ಣ ಬೇಕಾದ್ರೆ ಯೋಳ್ತಾರೆ."

ನಿಧಿಯನ್ನೂ ಯಜಮಾನರನ್ನೂ ಕೇಳಿದರೆ ಇದೇ ಉತ್ತರ ಬರುತ್ತದೆ ಎಂದು ನನಗೆ ಗೊತ್ತಿತ್ತು. "ಎರಡು ದಿನ ಪೂರ್ತಿ ವಿಡಿಯೋ ಮಾಡಿಸಿದ್ರಲ್ಲ. ಹಾಕಿ ನೋಡಿ, ಎಲ್ಲಾ ಅದರಲ್ಲೇ ಇರುತ್ತೆ" ಎಂದೆ.

ಶಿವಣ್ಣ ಬಾಳೆಹಣ್ಣನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

"ವಿಡಿಯೋ ಐತೆ ಮೇಡಂ. ಆದ್ರೆ ಕ್ಯಾಮರಾದೋನು ಅಷ್ಟೊತ್ತಿಗಾಗ್ಲೇ ಗೇಟ್ ಕಡೆ ತಿರುಗ್ಸ್‌ಬುಟ್ಟಿದ್ದ."

ಒಳಗೆ ಚಿಕ್ಕಮ್ಮ ಕೋಲೂರಿ ಎದ್ದ ಸದ್ದು ಕೇಳಿಸಿತು. ಆ ಮೇಲೆ ಮೊಳೆಯಿಂದ ಗೆಜ್ಜೆ ತೆಗೆದ ಸದ್ದು, ಅಭ್ಯಾಸಕ್ಕೆ ಕುರ್ಚಿ ಎಳೆದುಕೊಂಡ ಸದ್ದು. ಶಿವಣ್ಣನವರಿಗೂ ಕೇಳಿಸಿರಬೇಕು, ಹೊರಡದೆ ನಿಂತೇ ಇದ್ದರು. ನಾನು ಅವರನ್ನು ಹೊರಗೇ ಬಿಟ್ಟು ಗೇಟು ಹಾಕಿಕೊಂಡೆ.